ಎರಡು ಹಳೇ ವಾಷರ್

ಮುನಿರಾಜು, ಡೀಸೆಲ್ ಕದ್ದವನು ನೀನಲ್ಲ. ಯಾರೂ ಕದ್ದಿರಲಿಲ್ಲ. ನಾನು ಮಾಡಿದ ಕೆಲಸ ಕೆಟ್ಟು ಅದು ಸೋರಿಹೋಗುತ್ತಿತ್ತು — ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಎದುರಿಗೇ ನಿಂತು, ಗಾಡಿಯಲ್ಲಿ ಏನೂ ತೊಂದರೆ ಇಲ್ಲ ಎಂದು ನಿನ್ನ ಯಜಮಾನರಿಗೆ ಹೇಳಿದೆ.

ಇಷ್ಟು ಬರೆಯಲು ಒಂಬತ್ತು ವರ್ಷ ಹಿಡಿಯಿತು. ಇದರಲ್ಲಿ ಎಷ್ಟೋ ಸಂಗತಿ ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಹೇಳುತ್ತೇನೆ. ನಿನ್ನ ಹೆಸರು ಕೆಟ್ಟದ್ದು ನಾಲ್ಕು ಜನರ ಮುಂದೆ. ಆ ನಾಲ್ಕು ಜನ ಓದಿದರೂ ಅರ್ಥವಾಗುವ ಹಾಗೆ ಇದು ಇರಬೇಕು.

ಆಗ ನನ್ನ ಗ್ಯಾರೇಜು ವರ್ತೂರಿನಲ್ಲಿ ತಗಡಿನ ಶೆಡ್ಡು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹದಿನಾಲ್ಕು ವರ್ಷ ಸ್ಪ್ಯಾನರ್ ತಿರುಗಿಸಿ, ಇನ್ನೊಬ್ಬರ ಕೈಕೆಳಗೆ ಸಾಕಪ್ಪಾ ಸಾಕು ಎಂದು ಹೊರಗೆ ಬಂದು ಹಾಕಿದ ಶೆಡ್ಡು. ಸ್ವಂತ ಗ್ಯಾರೇಜು ನಡೆಯಬೇಕಾದರೆ ಕೈಚಳಕ ಒಂದೇ ಸಾಲದು. ದೊಡ್ಡ ಅಪಾರ್ಟ್‌ಮೆಂಟ್ ಒಂದು ಹಿಡಿದುಕೊಳ್ಳಬೇಕು. ಅಲ್ಲಿ ಒಬ್ಬರು ನಂಬಿದರೆ ನಲವತ್ತು ಮನೆಯ ಗಾಡಿ ಬರುತ್ತದೆ, ಒಬ್ಬರು ಮುಖ ತಿರುಗಿಸಿದರೆ ನಲವತ್ತೂ ಹೋಗುತ್ತದೆ. ನನಗೆ ಆ ಒಬ್ಬರು ಶಿವಾನಂದ ಸಾರ್. ಧಾರವಾಡದ ಕಡೆಯವರು, ದೊಡ್ಡ ಕೆಲಸದಲ್ಲಿದ್ದವರು, ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿಗೆ ಸೆಕ್ರೆಟರಿ. ಅವರ ದೊಡ್ಡ ಡೀಸೆಲ್ ಗಾಡಿಗೆ ನೀನು ಡ್ರೈವರ್. ನನ್ನ ಶೆಡ್ಡಿಗೆ ಅವರನ್ನು ಮೊದಲು ಕರೆದುಕೊಂಡು ಬಂದವನೂ ನೀನೇ — ಇದನ್ನು ನಾನು ಯಾರಿಗೂ ಹೇಳಿಕೊಳ್ಳುವುದಿಲ್ಲ.

ಆ ಗಾಡಿಯ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ಸರ್ವಿಸ್ ಮಾಡಿದೆನಲ್ಲ, ತಪ್ಪು ನಡೆದದ್ದು ಆವತ್ತು. ಇಂಜೆಕ್ಟರಿನಿಂದ ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸು ಹೋಗುವ ಪೈಪಿನ ಬೋಲ್ಟಿಗೆ, ಸೋರದಂತೆ, ಎರಡು ತಾಮ್ರದ ವಾಷರ್ ಹಾಕಬೇಕು. ಒಮ್ಮೆ ಬಿಚ್ಚಿದರೆ ಹಳೆಯದನ್ನು ಬಿಸಾಕಿ ಹೊಸದು ಹಾಕಬೇಕು. ಆ ಅಳತೆಯದು ನನ್ನಲ್ಲಿ ಇರಲಿಲ್ಲ. ಸಾರ್ ಸಾಯಂಕಾಲದೊಳಗೆ ಗಾಡಿ ಬೇಕು ಎಂದಿದ್ದರು. ಹಳೇ ವಾಷರನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆದುವಾಗುತ್ತದೆ, ಇನ್ನೊಂದು ಸಲ ಕೂರುತ್ತದೆ. ಎಲ್ಲ ಮೆಕ್ಯಾನಿಕ್ಕುಗಳೂ ಮಾಡುವ ಉಪಾಯ. ನಾನೂ ಮಾಡಿದೆ. ಹತ್ತಕ್ಕೆ ಒಂಬತ್ತು ಸಲ ಕೂರುತ್ತದೆ. ಸಾರ್ ಬಂದು, ಎಲ್ಲಾ ಹೊಸಾದ ಹಾಕೀರೇನು ಎಂದಾಗ, ಹೌದು ಸಾರ್, ಎಲ್ಲಾ ಹೊಸದು ಎಂದು ಹಲ್ಲು ಕಿಸಿದೆ.

ನಾಲ್ಕೈದು ದಿನ ಕಳೆದು ನೀನು ಬಂದೆ. "ಅಣ್ಣ, ಡೀಸೆಲ್ ವಾಸ್ನೆ ಬರ್ತೈತೆ. ಒಂದ್ಸಲ ನೋಡಿ" ಎಂದೆ. ನಾನು ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದವನು ಎದ್ದು ಬರಲೂ ಇಲ್ಲ. "ಇಂಜೆಕ್ಟರ್ ಬಿಚ್ಚಿ ಹಾಕಿದ್ಮೇಲೆ ನಾಕ್ ದಿನ ಇರತ್ತೆ, ಹೋಗತ್ತೆ ಹೋಗು" ಎಂದೆ. ಎದ್ದು ಬಂದಿದ್ದರೆ — ಎರಡು ಹೆಜ್ಜೆ ಅಷ್ಟೇ. ನೀನು ತಲೆಯಾಡಿಸಿ ಹೋದೆ. ನನ್ನ ಮಾತು ನಂಬಿ, ಸರ್ವಿಸ್ ಮಾಡುವಾಗ ಚೆಲ್ಲಿದ್ದೇ ಇರಬೇಕೆಂದು ಆಮೇಲೆ ದಿನಾ ಬೆಳಗ್ಗೆ ಬಾನೆಟ್ ಎತ್ತಿ, ಹಳೇ ಬಟ್ಟೆಯಲ್ಲಿ ಒದ್ದೆ ಒರೆಸಿ, ಆ ಬಟ್ಟೆಯನ್ನು ಸೀಟಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆಯಂತೆ. ಗಾಡಿಯನ್ನು ಮನೆಯ ಹಸುವಿನಂತೆ ನೋಡಿಕೊಳ್ಳುವವನು ನೀನು. ಆ ಬಟ್ಟೆಯೇ ನಿನ್ನ ಕುತ್ತಿಗೆಗೆ ಬಂತು.

ಮೈಲೇಜು ಬೀಳುತ್ತಾ ಬಂತು. ಇಂಜಿನ್ನಿನ ಕೆಳಗೆ ಕಲ್ಲು ತಾಗದಂತೆ ದೊಡ್ಡ ತಗಡು ಇರುತ್ತದಲ್ಲ, ಸೋರಿದ್ದೆಲ್ಲ ಅದರಲ್ಲಿ ನಿಂತು, ಗಾಡಿ ಓಡುವಾಗ ದಾರಿಯಲ್ಲೇ ಚೆಲ್ಲಿಹೋಗುತ್ತಿತ್ತು. ಹಾಗಾಗಿ ಬೇಸ್‌ಮೆಂಟಿನ ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಶಿವಾನಂದ ಸಾರಿಗೆ ಕಂಡದ್ದು ಮೂರೇ: ಟ್ಯಾಂಕು ಬೇಗ ಖಾಲಿಯಾಗುತ್ತದೆ, ಡ್ರೈವರಿನ ಕೈ ಡೀಸೆಲ್ ನಾರುತ್ತದೆ, ಸೀಟಿನ ಕೆಳಗೆ ಡೀಸೆಲ್ ಬಟ್ಟೆ ಇದೆ. ಅವರು ಕೆಟ್ಟವರಲ್ಲ. ನಿನ್ನನ್ನು ಅಲ್ಲೇ ಓಡಿಸಬಹುದಿತ್ತು, ಓಡಿಸಲಿಲ್ಲ. ಗಾಡಿಯನ್ನೂ ನಿನ್ನನ್ನೂ ನನ್ನ ಹತ್ತಿರ ಕರೆತಂದರು. "ಚಂದ್ರು, ನನಗ ಒಬ್ಬನ ಹೊಟ್ಟಿ ಮ್ಯಾಲ ಹೊಡಿಯೂದು ಬ್ಯಾಡ. ಗಾಡಿ ಇಟ್ಕೊಂಡು ಪೂರಾ ನೋಡ್ರಿ. ನೀವು ಹೇಳಿದ್ದು ನಾ ನಂಬ್ತೀನಿ" ಎಂದರು. ನೀನು ಕೀ ಕೊಡುವಾಗ ನನ್ನ ಕೈ ಹಿಡಿದುಕೊಂಡೆ. "ಚೆನ್ನಾಗಿ ನೋಡಣ್ಣ. ಗಾಡೀಲೇ ಏನೋ ಐತೆ" ಎಂದೆ.

ನೀವು ಹೋದ ಅರ್ಧ ಗಂಟೆಯಲ್ಲಿ ನನಗೆ ಗೊತ್ತಾಯಿತು. ಕೆಳಗಿನ ತಗಡು ಬಿಚ್ಚಿದರೆ ಒಳಗೆಲ್ಲ ಡೀಸೆಲ್ಲು. ಮೇಲೆ ಕೈ ಹಾಕಿ ಆ ಬೋಲ್ಟು ಮುಟ್ಟಿ ನೋಡಿದೆ. ಒದ್ದೆ. ನಾನು ಕಾಯಿಸಿ ಹಾಕಿದ ಅದೇ ವಾಷರು.

ಆ ಹೊತ್ತಿನಲ್ಲಿ ನನ್ನ ತಲೆಗೆ ಏನು ಬಂತು ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿನ್ನ ನೆನಪು ಬರಲಿಲ್ಲ. ಬಿಸಿ ಇಂಜಿನ್ನಿನ ಪಕ್ಕ ಡೀಸೆಲ್ ಸೋರುವ ಗಾಡಿಯಲ್ಲಿ ಸಾರ್ ಮಕ್ಕಳು ದಿನಾ ಶಾಲೆಗೆ ಹೋಗಿದ್ದಾರೆ ಎಂಬುದು ಬಂತು. ಅವರಿಗೆ ಅದು ಗೊತ್ತಾದರೆ ನನ್ನ ಕತೆ ಮುಗಿಯಿತು ಎಂಬುದು ಬಂತು. ಪೇಟೆಯಿಂದ ಹೊಸ ವಾಷರ್ ತರಿಸಿದೆ, ಹಾಕಿದೆ, ತಗಡು ತೊಳೆದು ಒಣಗಿಸಿದೆ, ಹಳೇ ವಾಷರ್ ಎರಡನ್ನೂ ಗುಜರಿ ಡಬ್ಬಕ್ಕೆ ಎಸೆದೆ. ಆಮೇಲೆ ಸಾರಿಗೆ ಫೋನ್ ಮಾಡಿ, ಟ್ಯಾಂಕ್ ಫುಲ್ ಮಾಡಿಸಿ ಒಂದು ವಾರ ನೀವೇ ಓಡಿಸಿ ನೋಡಿ ಸಾರ್, ಮತ್ತೆ ಫುಲ್ ಮಾಡಿಸಿದರೆ ಸರಿಯಾದ ಲೆಕ್ಕ ಸಿಗುತ್ತದೆ ಎಂದೆ. ನೀನಿಲ್ಲದೆ ಓಡಿದ ಗಾಡಿ, ಸೋರುವುದು ನಿಂತ ಗಾಡಿ. ಮೈಲೇಜು ಸರಿಯಾಗಿಯೇ ಬಂತು. ಇದು ಬಾಯ್ತಪ್ಪಿ ಆದದ್ದಲ್ಲ, ಮುನಿರಾಜು. ಯೋಚನೆ ಮಾಡಿ ಮಾಡಿದ ಕೆಲಸ. ನಡುವೆ ಏಳು ದಿನ ಇತ್ತು. ಪೈಪ್ ಸಡಿಲಾಗಿತ್ತು ಸಾರ್, ಟೈಟ್ ಮಾಡಿದೀನಿ — ಇಷ್ಟು ಹೇಳಿದ್ದರೂ ನೀನು ಉಳಿಯುತ್ತಿದ್ದೆ, ಬಹುಶಃ ನಾನೂ ಉಳಿಯುತ್ತಿದ್ದೆ. ಅಷ್ಟು ಸಣ್ಣ ಅರ್ಧಸತ್ಯವೂ ನನ್ನ ಬಾಯಿಂದ ಹೊರಡಲಿಲ್ಲ.

ಎಂಟನೇ ದಿನ ಇಬ್ಬರೂ ಬಂದಿರಿ. ಸಾರ್ ಕೇಳಿದರು: "ಖರೇ ಹೇಳ್ರಿ ಚಂದ್ರು. ಗಾಡಿಯೊಳಗ ಏನರ ಐತೇನು?" ನಾನು ನಿನ್ನ ಕಡೆ ನೋಡದೆ ಹೇಳಿದೆ: "ಗಾಡೀಲಿ ಏನೂ ತೊಂದ್ರೆ ಇಲ್ಲ ಸಾರ್. ಗಾಡಿ ಸುಳ್ಳು ಹೇಳಲ್ಲ."

ನಿನ್ನನ್ನು ಕಳ್ಳ ಎಂದು ನಾನು ಅನ್ನಲಿಲ್ಲ — ಎಷ್ಟೋ ವರ್ಷ ಈ ಮಾತನ್ನೇ ಹಿಡಿದುಕೊಂಡು ಬದುಕಿದೆ. ಥೂ, ನನ್ನ ಜನ್ಮಕ್ಕೆ. ನೀನು ವಾದ ಮಾಡುತ್ತೀ ಎಂದುಕೊಂಡಿದ್ದೆ. ವಾಸನೆ ಬರುತ್ತಿದೆ ಎಂದು ಬಂದು ಹೇಳಿರಲಿಲ್ಲವಾ ಅಣ್ಣ ಎಂದು ನನ್ನ ಕುತ್ತಿಗೆಪಟ್ಟಿ ಹಿಡಿಯುತ್ತೀ ಎಂದು ಕಾಯುತ್ತಿದ್ದೆ. ನೀನು ನನ್ನ ಮುಖವನ್ನೇ ನೋಡುತ್ತಾ ನಿಂತೆ. ಆಮೇಲೆ ತಲೆ ತಗ್ಗಿಸಿದೆ. ಆ ವಾರವೇ ನಿನ್ನ ಫೋಟೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬಂತು, ಈ ಡ್ರೈವರನ್ನು ಯಾರೂ ಇಟ್ಟುಕೊಳ್ಳಬೇಡಿ ಎಂದು. ಅಲ್ಲಿಂದ ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳಿಗೆ, ಅಲ್ಲಿಂದ ಸರ್ಜಾಪುರ ರಸ್ತೆಯ ಉದ್ದಕ್ಕೂ. ಅದರ ಕೆಳಗೇ ಇನ್ನೊಂದು ಮಾತಿತ್ತು: ನಮ್ಮ ಮೆಕ್ಯಾನಿಕ್ ಚಂದ್ರು ಒಂದು ವಾರ ಗಾಡಿ ಪರೀಕ್ಷೆ ಮಾಡಿಸಿ ಒಂದು ಪೈಸೆ ಮುಟ್ಟಲಿಲ್ಲ, ಇಂಥ ಪ್ರಾಮಾಣಿಕರು ಸಿಗುವುದಿಲ್ಲ ಎಂದು.

ಅಲ್ಲಿಂದ ನನ್ನ ಗ್ಯಾರೇಜು ಎದ್ದಿತು. ಇವತ್ತು ನಾಲ್ಕು ಲಿಫ್ಟು, ಸ್ಕ್ಯಾನರು, ಕಾಯುವವರಿಗೆ ಎಸಿ ಕೋಣೆ. ಬಿಚ್ಚಿದ ಪ್ರತಿಯೊಂದು ಹಳೇ ಪಾರ್ಟನ್ನೂ ತಟ್ಟೆಯಲ್ಲಿಟ್ಟು ಗಿರಾಕಿಗೆ ತೋರಿಸಿದ ಮೇಲೆಯೇ ಹೊಸದನ್ನು ಹಾಕುವುದು ನಮ್ಮಲ್ಲಿ ಪದ್ಧತಿ. ಜನ ಅದನ್ನೇ ಹೊಗಳುತ್ತಾರೆ. ವಾಷರನ್ನೂ ತೋರಿಸ್ತಾನಪ್ಪ ಇವನು ಎಂದು ನಗುತ್ತಾರೆ. ಆ ಪದ್ಧತಿ ಯಾಕೆ ಶುರುವಾಯಿತು ಎಂಬುದು ಈಗ ನಿನಗೆ ಗೊತ್ತಾಯಿತು.

ಹೋದ ತಿಂಗಳು ಪೀಣ್ಯದ ಒಂದು ಫ್ಯಾಕ್ಟರಿಗೆ ಹೋದೆ, ಅವರ ವ್ಯಾನುಗಳ ಸರ್ವಿಸ್ ವಹಿಸಿಕೊಳ್ಳುವ ಮಾತುಕತೆಗೆ. ಗೇಟಿನಲ್ಲಿ ನೀಲಿ ಯೂನಿಫಾರಂ ಹಾಕಿಕೊಂಡು, ಹೊರಗೆ ಹೋಗುವ ಗಾಡಿಗಳ ಡಿಕ್ಕಿ ತೆಗೆಸಿ, ಮಾಲು ಕದ್ದು ಒಯ್ಯುತ್ತಿಲ್ಲ ತಾನೇ ಎಂದು ನೋಡುತ್ತಿದ್ದವನು ನೀನು. ನಾನು ಮುಖ ತಿರುಗಿಸಿಕೊಳ್ಳುವ ಮೊದಲೇ ನೀನು ಗುರುತು ಹಿಡಿದೆ. "ಅಣ್ಣ, ನೀವಾ?" ಎಂದು ಓಡಿ ಬಂದು ಟೀ ತರಿಸಿದೆ. ಚಿಕ್ಕಬಾಣಾವರದಲ್ಲಿ ಮನೆ, ಈ ಕಡೆ ಯಾರಿಗೂ ಗೊತ್ತಿಲ್ಲ, ಅದಕ್ಕೇ ಆರಾಮು ಎಂದೆ. ಆಮೇಲೆ ಸ್ಟೇರಿಂಗ್ ಮುಟ್ಟೇ ಇಲ್ಲಣ್ಣ ಎಂದೆ. ಅಷ್ಟನ್ನು ನಾನು ಹೇಗೋ ನುಂಗಿಕೊಂಡೆ. ಆಮೇಲೆ ಹೇಳಿದೆಯಲ್ಲ, ಅದನ್ನು ನುಂಗಲು ಆಗಿಲ್ಲ, ಇವತ್ತಿಗೂ.

"ನಿಮ್ಮೇಲೆ ನಂಗೇನೂ ಬೇಜಾರಿಲ್ಲಣ್ಣ. ನೀವು ನೋಡಿ ಇದ್ದಿದ್ದು ಹೇಳಿದ್ರಿ. ಗಾಡೀಲಿ ಏನಿಲ್ಲ ಅಂದಾಗ್ಲೇ ನಂಗೆ ಗೊತ್ತಾಯ್ತು, ಯಾರೋ ತೆಗೀತಾವ್ರೆ ಅಂತ. ಬೆಳಗ್ಗೆ ಬೇಸ್‌ಮೆಂಟಲ್ಲಿ ಗಾಡಿ ತೊಳೀತಿದ್ದಿದ್ದು ನಮ್ ಗೋಪಿ ಒಬ್ನೇ."

ಗೋಪಿ — ನಿನ್ನ ಹೆಂಡತಿ ಯಶೋದಮ್ಮನ ಒಡಹುಟ್ಟಿದ ತಮ್ಮ. ಗಾಡಿ ತೊಳೆಯುವ ಕೆಲಸಕ್ಕೆ ಅವನನ್ನು ಅಲ್ಲಿ ಸೇರಿಸಿದವನು ನೀನೇ.

"ಕೇಳ್ದೆ. ಇಲ್ಲ ಭಾವ ಅಂದ. ಅಂಗೈ ಮೇಲೆ ಕರ್ಪೂರ ಹಚ್ಕೊಂಡು ಆರಿಸಿ ಆಣೆ ಮಾಡ್ದ. ನಾನು ನಂಬ್ಲಿಲ್ಲಣ್ಣ. ಗಾಡಿ ಸುಳ್ಳು ಹೇಳಲ್ಲ ಅಂದಿದ್ರಲ್ಲ ನೀವು. ನಾಕ್ ಜನದ್ ಮುಂದೆ ಕೆನ್ನೆಗೆ ಬಾರಿಸಿ ಆಚೆಗೆ ತಳ್ದೆ. ಅವತ್ತು ಹೋದೋನು. ಹೊಸೂರ್ ಕಡೆ ಅವ್ನೆ ಅಂತಾರೆ. ಅವರಮ್ಮ ಸತ್ತಾಗ್ಲೂ ಮಣ್ಣಿಗೆ ಬರ್ಲಿಲ್ಲ. ಯಶೋದ ಊಟಕ್ಕಿಕ್ತಾಳೆ, ಮಾತಿಲ್ಲ."

ಟೀ ಲೋಟ ನನ್ನ ಕೈಯಲ್ಲೇ ತಣ್ಣಗಾಯಿತು. ನೀನು ಕೇಳಿದೆ. "ನಿಮಗೆ ಗಾಡಿ ಇಷ್ಯ ಗೊತ್ತಲ್ಲಣ್ಣ. ಅವ್ನೇ ತೆಗ್ದಿದ್ನಾ? ನಿಮಗೇನನ್ನಿಸ್ತೈತೆ?"

ದೇವರು ಇನ್ನೊಂದು ಸಲ ನನ್ನ ಮುಂದೆ ಅದೇ ಪ್ರಶ್ನೆ ಇಟ್ಟ. ಈ ಸಲ ನನ್ನ ಗ್ಯಾರೇಜು ಹೋಗುವ ಭಯವಿರಲಿಲ್ಲ, ಎದುರಿಗೆ ಸೆಕ್ರೆಟರಿಯೂ ಇರಲಿಲ್ಲ. ನೀನೊಬ್ಬನೇ. ನಾನು ಹೇಳಿದ್ದು ಏನು? "ಹಳೇದೆಲ್ಲ ಯಾಕೀಗ, ಬಿಡು ಮುನಿರಾಜು." ಮೊದಲನೇ ಸುಳ್ಳಿಗಿಂತ ಇದು ಹೀನ. ಮೊದಲನೆಯದು ಹೆದರಿ ಹೇಳಿದ್ದು. ಇದು ಬರೀ ರೂಢಿಯಾಗಿ ಬಂದದ್ದು.

ನಾನು ಹೊರಡುವಾಗ, ನನ್ನ ಮುಂದಿದ್ದ ಎರಡು ಗಾಡಿಗಳ ಡಿಕ್ಕಿ ನೀನು ತೆಗೆಸಿ ನೋಡಿದೆ. ನನ್ನದು ಬಂದಾಗ ನಾನೇ ಇಳಿದು ಡಿಕ್ಕಿ ತೆಗೆಯಲು ಹೋದೆ. ನೀನು ನಕ್ಕು ಗೇಟು ಎತ್ತಿದೆ. "ನಿಮ್ ಗಾಡಿ ಏನ್ ನೋಡೋದಣ್ಣ, ಹೋಗಿ" ಎಂದೆ. ಜಾಲಹಳ್ಳಿ ದಾಟುವಷ್ಟರಲ್ಲಿ ಗಾಡಿ ಪಕ್ಕಕ್ಕೆ ಹಾಕಿ ಅತ್ತುಬಿಟ್ಟೆ. ಅತ್ತದ್ದರಿಂದ ಯಾರಿಗೇನು ಬಂತು?

ಮೊನ್ನೆ ಶಿವಾನಂದ ಸಾರ್ ಮನೆಗೆ ಹೋಗಿ ಎಲ್ಲ ಹೇಳಿದೆ. ನಿನ್ನ ಹತ್ತಿರ ಮೊದಲು ಬರಬೇಕಿತ್ತು. ನಿನ್ನ ಮುಂದೆ ನಿಲ್ಲುವುದಕ್ಕಿಂತ ಅದು ಸುಲಭವೆಂದು ಅಲ್ಲಿಗೆ ಹೋದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಅವರು ಬೈಯಲಿಲ್ಲ. "ಅಂವನ ಫೋಟೋ ನಾನ ಹಾಕಿದ್ನೆಲ್ರೀ" ಎಂದರು. "ನನ್ನ ಕಡಿಂದ ಅಂವಗ ಕಳ್ಳ ಅನ್ನಿಸಿಬಿಟ್ರಿ" ಎಂದರು. ನಾನು ಎದ್ದು ಬಂದೆ. ಅದೇ ಸಂಜೆ ಆ ಗುಂಪಿನಲ್ಲಿ ಅವರು ನಿನ್ನ ಹೆಸರು ಹಾಕಿ ಕ್ಷಮೆ ಕೇಳಿದ್ದಾರೆ, ನನ್ನ ಹೆಸರು ಹಾಕಿ ನಾನು ಮಾಡಿದ್ದನ್ನೂ ಬರೆದಿದ್ದಾರೆ. ಬೆಳಗಾಗುವಷ್ಟರಲ್ಲಿ ಅಲ್ಲಿನ ಗಾಡಿಗಳು ಗ್ಯಾರೇಜಿನಿಂದ ಒಂದೊಂದೇ ಹೊರಟವು. ಹೋಗಲಿ. ನಿನ್ನ ದುಡಿಮೆ ಹೋದಾಗ ನಾನು ತಡೆದೆನೇ.

ಹೊಸೂರಿನಲ್ಲಿ ನನಗೆ ಗೊತ್ತಿರುವ ಮೆಕ್ಯಾನಿಕ್ಕುಗಳಿಗೆಲ್ಲ ಗೋಪಿಯ ಹೆಸರು ಹೇಳಿ ಹುಡುಕಿಸುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ. ಸಿಗುತ್ತಾನೆ ಎಂದು ನಿನಗೆ ಮಾತು ಕೊಡುವ ಯೋಗ್ಯತೆ ನನಗಿಲ್ಲ, ಹುಡುಕುವುದನ್ನು ನಿಲ್ಲಿಸುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಈ ಕಾಗದ ಕೈಗೆ ಬಂದ ಕೂಡಲೇ ಯಶೋದಮ್ಮನಿಗೆ ಓದಿ ಹೇಳು. ನನ್ನನ್ನು ಏನು ಮಾಡಬೇಕು ಎಂಬುದು ಆಮೇಲೆ. ಮೊದಲು ಅವಳಿಗೆ ತಿಳಿಯಲಿ, ಅವಳ ತಮ್ಮ ಆಣೆ ಮಾಡಿ ಹೇಳಿದ್ದು ನಿಜ. ಅವಳ ಗಂಡ ಮೋಸ ಹೋದದ್ದು ನನ್ನ ಮಾತಿನಿಂದ.

ಭಾನುವಾರ ಬೆಳಗ್ಗೆ ಚಿಕ್ಕಬಾಣಾವರಕ್ಕೆ ಬರುತ್ತೇನೆ. ನೀವಿಬ್ಬರೂ ಏನು ಕೇಳಿದರೂ ಇದ್ದದ್ದು ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರೂ ಕೇಳಲಿ. ತೆಗೆದರೆ, ಆವತ್ತು ಗೇಟಿನಲ್ಲಿ ಬಿಟ್ಟ ಹಾಗೆ ನನ್ನನ್ನು ಸುಮ್ಮನೆ ಬಿಡಬೇಡ, ಮುನಿರಾಜು.