ಕುದುರೆಯ ಹಿಂಗಾಲಿಗೆ ಕೇಳಿಸಿದ ಹಾಡು

ಸಿನಿಮಾದಲ್ಲಿ ಕುದುರೆ ನಿಜವಾದದ್ದು. ನಮ್ಮ ನಾಟಕದಲ್ಲಿ ಅದರ ಹಿಂಗಾಲು ನಾನು, ಮುಂಗಾಲು ಕಸಾಯಿ ಗಂತೂಸ್. ವಾರವಿಡೀ ಫೋನ್ ರಿಪೇರಿ ಅಂಗಡಿಯಲ್ಲಿ ಸಂಬಳಕ್ಕಾಗಿ ಬಗ್ಗುವ ಬೆನ್ನಿಗೆ ಕುದುರೆ ವೇಷದ ಕಂಬಳಿಯೊಳಗೆ ಬಗ್ಗುವುದು ಹೊಸತೇನಲ್ಲ.

ಹೇಳಬೇಕಾದದ್ದು ವರ್ದೆ ಚಿಕ್ಕಮ್ಮನ ವಿಷಯ. ಅವರು ನಮ್ಮ ಐನ್ ತೂತ್ ಊರಿನ ರೊಟ್ಟಿಯವರು. ಬೆಳಗ್ಗೆ ಕಾದ ಹೆಂಚಿನ ಮುಂದೆ ಕೂತು ಹಿಟ್ಟನ್ನು ಕೈಯಿಂದ ಕೈಗೆ ಬೀಸಿ ಬೀಸಿ ಕರವಸ್ತ್ರದಷ್ಟು ತೆಳ್ಳಗೆ ಮಾಡುತ್ತಾರೆ, ಹಾಡುತ್ತಲೇ. ಬೇಸಿಗೆಯಲ್ಲಿ ಇಗರ್ಜಿಯ ಮೆಟ್ಟಿಲ ಮೇಲೆ ಊರವರೇ ಆಡುವ ‘ಬಾವಿಕಟ್ಟೆಯ ಮದುವೆ’ ಸಂಗೀತ ನಾಟಕದಲ್ಲಿ ಅವರು ಮದುಮಗಳ ತಾಯಿ.

ಬೈರೂತಿನಲ್ಲಿ ತೆಗೆದ ಹಳೇ ಸಿನಿಮಾದ ಒಂದೇ ಒಂದು ಕ್ಯಾಸೆಟ್ ನೋಡಿ ನೋಡಿ ನಖ್ಲೆ ಮೇಷ್ಟ್ರು ಆ ನಾಟಕ ಕಟ್ಟಿದ್ದು. ಒಂದು ಕಡೆ ಟೇಪನ್ನು ಯಂತ್ರ ಅಗಿದುಬಿಟ್ಟಿತ್ತು. ಮಗಳು ಕುದುರೆ ಏರುತ್ತಾಳೆ, ಪರದೆ ತುಂಬ ಬಿಳಿ ಗೆರೆ. ಗೆರೆ ಸರಿದಾಗ ತಾಯಿಯ ಕೈಯಲ್ಲಿ ಖಾಲಿ ಹೂಜಿ. ನಡುವೆ ಏನಾಯಿತೋ ದೇವರೇ ಬಲ್ಲ. ಆ ಜಾಗಕ್ಕೆ ಚಿಕ್ಕಮ್ಮ ತಾವೇ ಹಾಡು ಕಟ್ಟಿದರು: ನಿನ್ನ ಜರಡಿ ಗೂಟದಲ್ಲೇ ಇದೆ ಮಗಳೇ, ನಿನ್ನ ಚೊಂಬು ಕಿಟಕಿಯಲ್ಲೇ ಇದೆ, ಅಂತ ಮನೆಯ ಒಂದೊಂದು ಸಾಮಾನಿನ ಹೆಸರು ಹಿಡಿದು. ಈಗ ನಮ್ಮೂರಲ್ಲಿ ಆ ಹಾಡಿಲ್ಲದೆ ಯಾವ ಮದುಮಗಳೂ ಹೊಸಿಲು ದಾಟುವುದಿಲ್ಲ.

ಈ ವರ್ಷ ಸಿನಿಮಾದ ಸ್ವಚ್ಛ ಪ್ರತಿಯನ್ನು ಯಾರೋ ಇಂಟರ್ನೆಟ್ಟಿಗೆ ಹಾಕಿದ್ದರು. ಅದನ್ನು ಹುಡುಕಿ ತಂದ ಮಹಾನುಭಾವ ನಾನೇ. ಸಭಾಂಗಣದ ಗೋಡೆಯ ಮೇಲೆ ಎಲ್ಲರೂ ನೋಡಿದೆವು. ಕುದುರೆ ಬಂತು, ಅದರ ಹಿಂಗಾಲು ಕಂಡು ನನ್ನ ಕಲೆಯ ಬಗ್ಗೆ ನನಗಿದ್ದ ಭ್ರಮೆ ಹೋಯಿತು. ಮಗಳು ಏರಿದಳು. ತಾಯಿ ಹೂಜಿ ಎತ್ತಿ ಗಟಗಟ ನೀರು ಕುಡಿದಳು. ಅಷ್ಟೇ.

“ಹಾಡೆಲ್ಲಿ?” ಅಂದ ಗಂತೂಸ್.

“ಮೂಲದಲ್ಲಿ ಹಾಡೇ ಇಲ್ಲ ಕಣೋ.” ಮೇಷ್ಟ್ರು ಕನ್ನಡಕ ಒರೆಸಿದರು. “ಇಷ್ಟು ವರ್ಷ ತಪ್ಪು ಆಡಿದ್ವಿ. ವರ್ದೆ, ಈ ಸಲ ಸಿನಿಮಾದಲ್ಲಿರೋ ಹಾಗೇ ಮಾಡೋಣ. ಏನಂತೀಯಮ್ಮ?”

ಚಿಕ್ಕಮ್ಮ ಮಡಿಲಿನ ಹಿಟ್ಟು ಕೊಡವಿದರು. “ಪಾಪ, ಅವಳಿಗೆ ಬಾಯಾರಿತ್ತೇನೋ. ಆಗ್ಲಿ ಮೇಷ್ಟ್ರೇ, ನೀರು ಕುಡಿಯೋಕೆ ನಂಗೇನು ಕಷ್ಟ?”

ಮರುದಿನ ರೊಟ್ಟಿಗೆ ಹೋದರೆ ಹೆಂಚಿನ ಮುಂದೆ ಹಾಡಿಲ್ಲ.

“ನನ್ ಮೇಲೆ ಸಿಟ್ಟಾ ಚಿಕ್ಕಮ್ಮ?”

“ಹಿಂಗಾಲಿನ ಮೇಲೆ ಸಿಟ್ಟಾದ್ರೆ ಒದೆಸ್ಕೋಬೇಕು ತೂಮಾ.” ರೊಟ್ಟಿ ಮಗುಚಿದರು. “ಬರೋ ತಿಂಗಳು ನಮ್ ಹಯಾತ್ ಮದ್ವೆ. ಸುಳ್ಳು ಹಾಡು ಹೇಳಿ ಮಗಳನ್ನ ಹೇಗೋ ಕಳಿಸ್ಲಿ?”

ನಾಟಕದಲ್ಲಿ ಮದುಮಗಳೂ ಅದೇ ಹಯಾತ್. ನಾಟಕದ ಸಂಜೆ ಅವಳು ನಮ್ಮ ಬೆನ್ನೇರಿದಳು. ಕಂಬಳಿಯ ತೂತಿನಲ್ಲಿ ನನಗೆ ಕಂಡದ್ದು ಚಿಕ್ಕಮ್ಮನ ಪಾದ ಮಾತ್ರ. ನೀರು ಕುಡಿಯುವ ಸದ್ದು ಕೇಳಿತು. ಇನ್ನು ಕುದುರೆ ಹೊರಡಬೇಕು.

ಆಗ ಕೆಳಗೆ ಕುರ್ಚಿಗಳ ನಡುವಿನಿಂದ ಒಂದು ಮುದಿ ದನಿ, ನಿನ್ನ ಜರಡಿ ಗೂಟದಲ್ಲೇ ಇದೆ ಮಗಳೇ, ಅಂತ ಎತ್ತಿಕೊಂಡಿತು. ಚೊಂಬಿನ ಸಾಲಿಗೆ ಹೆಂಗಸರೆಲ್ಲ ಸೇರಿದರು. ಆ ಹಾಡು ಕೇಳಿಯೇ ಹೊಸಿಲು ದಾಟಿದವರು ಅವರು. ಆಮೇಲೆ ಗಂಡಸರು. ಅಪಸ್ವರ ಕೇಳಿ ಮೇಷ್ಟ್ರೂ ಇದ್ದಾರೆ ಅಂತ ಗೊತ್ತಾಯಿತು. ಇಗರ್ಜಿಯ ಕಲ್ಲು ನನ್ನ ಅಂಗಾಲಿನಡಿ ಗುಂಯ್‌ಗುಟ್ಟುತ್ತಿತ್ತು. ಸಿನಿಮಾದ ಅಷ್ಟು ದೊಡ್ಡ ವಾದ್ಯಮೇಳ ಗೋಡೆಯ ಮೇಲೇ ಉಳಿದಿತ್ತು. ಇದು ಮೂಳೆಗೆ ಇಳಿಯಿತು.

“ಹೊರಡೋಣ್ವಾ?” ಕೊನೆಗೆ ಪಿಸುಗುಟ್ಟಿದೆ.

“ತಡಿಯೋ.” ಮುಂಗಾಲು ಮೂಗೊರೆಸಿಕೊಂಡಿತು. “ಇನ್ನೂ ಚಪ್ಪಲಿ ಬಂದಿಲ್ಲ.”

ಚಪ್ಪಲಿಯ ಸಾಲು ಬಂದಾಗ ಊರೆಲ್ಲ ಸುಮ್ಮನಾಯಿತು. ಅದು ಕೊನೆಯ ಸಾಲು. ಅದನ್ನು ಯಾವ ಮನೆಯಲ್ಲೂ ತಾಯಿಯೇ ಹಾಡಬೇಕು. ಕಲ್ಲಿನ ಮೇಲೆ ಹೂಜಿ ಇಟ್ಟ ಸದ್ದಾಯಿತು.

ನಿನ್ನ ಚಪ್ಪಲಿ ಬಾಗಿಲಲ್ಲೇ ಇದೆ ಮಗಳೇ, ಅಂತ ಚಿಕ್ಕಮ್ಮ ಹಾಡಿದರು. ನಮ್ಮ ಬೆನ್ನ ಮೇಲಿದ್ದ ಭಾರ ಒಮ್ಮೆ ನಡುಗಿತು.

ಆಮೇಲೆ ಕುದುರೆ ಹೊರಟಿತು, ಮುಂಗಾಲು ಒಂದು ಕಡೆ, ಹಿಂಗಾಲು ಒಂದು ಕಡೆ.