ಅಳತೆ ಕೊಡದ ಗಿರಾಕಿ

ಗಿರಾಕಿಯ ಗುಣ ಅವನು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ನನಗೆ ತಿಳಿಯುತ್ತಿತ್ತು. ಬಟ್ಟೆ ಕೊಡುವ ಮೊದಲು ಮೂರು ಸಲ ಮಡಿಸಿ ಬಿಚ್ಚುವವನು ಆಮೇಲೆ ಚೂರುಪಾರೆಲ್ಲ ವಾಪಸು ಕೇಳುತ್ತಾನೆ. "ನಿಮಗೆ ತಿಳಿದ ಹಂಗೆ ಹೊಲೀರಿ" ಅನ್ನುವವನು ಎಲ್ಲರಿಗಿಂತ ಅಪಾಯ, ಅವನಿಗೆ ಏನೂ ಸರಿಬರುವುದಿಲ್ಲ. ನ್ಯಾಮತಿಯಲ್ಲಿ ಹೊಲಿಗೆ ಅಂಗಡಿ ಇಟ್ಟು ವರ್ಷದೊಳಗೆ ಇಷ್ಟು ವಿದ್ಯೆ ಕಲಿತೆನೆಂದು ಬೀಗುತ್ತಿದ್ದೆ. ಯಜಮಾನರೊಬ್ಬರು ಬಂದು ನನ್ನ ಸೊಕ್ಕು ಇಳಿಸಿದರು.

ಯುದ್ಧದ ಕಾಲ, ಬಟ್ಟೆ ಸಿಗುವುದೇ ದುರ್ಲಭ. ಹತ್ತಿರದ ಹಳ್ಳಿಯ ಈ ಯಜಮಾನರು ಅಂಗಿಗೆಂದು ಬಿಳಿ ಬಟ್ಟೆ ತಂದು ಮೇಜಿನ ಮೇಲಿಟ್ಟರು. ನಾನು ಟೇಪು ತೆಗೆದದ್ದೇ ತಡ, ಚಂಗನೆ ಬೀದಿಗೆ ಹಾರಿದರು.

"ನಮ್ಮಲ್ಲಿ ಮನುಷ್ಯನ್ನ ಅಳೆಯಾದು ಒಂದೇ ಸಲ ತಮ್ಮಾ, ಗುಂಡಿ ತೋಡುವಾಗ. ಬದುಕಿದ್ದಾಗ ಅಳತೆ ಇನ್ನೊಬ್ಬರ ಕೈಗೆ ಹೋದ್ರೆ ಆಯಸ್ಸೂ ಹೋದಂಗೆ. ಟೇಪು ಒಳಗಿಡು."

"ಅಳತೆ ಇಲ್ದೆ ಅಂಗಿ ಹೊಲಿಯಾಕೆ ಹೆಂಗಾಗುತ್ತೆ ಯಜಮಾನ್ರೇ?"

"ಅದು ನಿನ್ನ ಕಸುಬು. ನನ್ನನ್ಯಾಕೆ ಕೇಳ್ತಿ?"

ಬಟ್ಟೆ ಕೆಟ್ಟರೆ ಇನ್ನೊಂದು ತುಂಡು ತರಲು ನನಗೆ ದಾರಿಯಿರಲಿಲ್ಲ. ಅವರು ಎಲೆ ಅಡಿಕೆ ಜಗಿಯುತ್ತ ಕಟ್ಟೆಯ ಮೇಲೆ ಕೂತಿದ್ದಷ್ಟು ಹೊತ್ತು ಹೆಗಲು, ಎದೆ, ತೋಳನ್ನು ಕಣ್ಣಲ್ಲೇ ಅಂದಾಜು ಮಾಡಿದೆ. ಜೀವ ಕೈಯಲ್ಲಿ ಹಿಡಿದು ಕತ್ತರಿ ಆಡಿಸಿದೆ. ಎಂಟು ದಿನಕ್ಕೆ ಬಂದು ತೊಟ್ಟರು. ಅಂಗಿ ಎರಕ ಹೊಯ್ದಂತೆ ಕೂತಿತು. ನಾನು ಹೊಗಳಿಕೆಗೆ ಕಾದು ನಿಂತರೆ ಅವರ ಮುಖ ಕಪ್ಪಿಟ್ಟಿತು.

"ಯಾವಾಗ ಅಳೆದೆ?"

"ಅಳೆದಿಲ್ಲ ಯಜಮಾನ್ರೇ, ಬರೀ ನೋಡ್ದೆ."

"ಹಂಗಾರೆ ನಿನ್ನ ಕಣ್ಣಾಗೇ ಟೇಪು ಐತೆ!"

ಅಂಗಿ ಬಿಚ್ಚದೆಯೇ ಹೋದರು, ಸಂತೆಯಲ್ಲೆಲ್ಲ ಸಾರಿದರು. ಮರುದಿನದಿಂದ ಜನ ನನ್ನ ಅಂಗಡಿ ಮುಂದೆ ಹಾಯುವಾಗ ಕೊಡೆ ಅಡ್ಡ ಹಿಡಿದರು. ದೊಡ್ಡ ಮನುಷ್ಯರೊಬ್ಬರು ಗೋಣಿಚೀಲ ಹೊದ್ದು ಓಡಿದರು. ಮದುವೆಗಳ ಕಾಲ ಅದು. ಆ ಒಂದೆರಡು ತಿಂಗಳ ಹೊಲಿಗೆಯೇ ನಮಗೆ ವರ್ಷದ ಅನ್ನ. ಮಷಿನ್ ಮೇಲೆ ಧೂಳು ಕೂತದ್ದು ನೋಡಿ ನನಗೆ ಅಳುವೇ ಬಂತು.

ಕೊನೆಗೆ ಯಜಮಾನರ ಕಾಲು ಹಿಡಿದೆ. ಬಹಳ ಯೋಚಿಸಿ ನ್ಯಾಯ ಹೇಳಿದರು: ಅವರ ಅಳತೆ ನನ್ನಲ್ಲಿದೆ, ನನ್ನದು ಅವರಲ್ಲಿದ್ದರೆ ಸರಿಸಮ. ಸಂತೆಯ ದಿನ ಎಲ್ಲರೆದುರು ನನ್ನನ್ನು ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿವರೆಗೆ ಹೊಸ ಹಗ್ಗ ಹಿಡಿದು, ಅಷ್ಟಕ್ಕೇ ಕತ್ತರಿಸಿ ಹೆಗಲ ಮೇಲೆ ಹಾಕಿಕೊಂಡು ಹೊರಟರು. ನಾನು ನಗು ತಡೆದುಕೊಂಡು ನಿಂತಿದ್ದೆ. ಸಂಜೆಯೊಳಗೆ ಆರು ಮದುವೆ ಅಂಗಿಗೆ ಬಟ್ಟೆ ಬಂತು.

ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ಆ ಹಗ್ಗ ಈಗ ಎಲ್ಲೈತ್ರೀ?"

ಹುಚ್ಚಿ ಎಂದು ನಕ್ಕುಬಿಟ್ಟೆ. ಮರುದಿನ ನಾಲ್ಕು ಸೀನು ಬಂತು. ಅದರ ಮರುದಿನ ಮಂಡಿನೋವು. ಅವರು ಹಗ್ಗವನ್ನು ತುಂಡು ಮಾಡಿದರೆ? ಒಲೆಗೆ ಹಾಕಿದರೆ? ಇದನ್ನೇ ಯೋಚಿಸುತ್ತ ಒಬ್ಬ ಮದುಮಗನ ಅಂಗಿಯ ಒಂದು ತೋಳನ್ನು ಗಿಡ್ಡ ಕತ್ತರಿಸಿದೆ. ಮೂರನೆಯ ದಿನ ಅಂಗಡಿಗೆ ಬೀಗ ಜಡಿದು ಅವರ ಹಳ್ಳಿಗೆ ನಡೆದೆ.

ಯಜಮಾನರು ನಾನು ಹೊಲಿದ ಅಂಗಿಯನ್ನೇ ತೊಟ್ಟು ಜಗುಲಿಯಲ್ಲಿ ಕೂತಿದ್ದರು. ಹಗ್ಗ ವಾಪಸು ಕೊಡಿ ಎಂದೆ. ಯಾಕೆ ಎಂದರು. ನಿಜ ಹೇಳಲು ನಾಚಿಕೆಯಾಗಿ, ಸುಮ್ಮನೆ ಎಂದೆ.

"ಎಂಥಾ ತಕರಾರಿನ ಮನುಷ್ಯನಪ್ಪಾ ನೀನು! ಅದಕ್ಕೆ ಎಮ್ಮೆ ಕರು ಕಟ್ಟೀನಿ. ಭಾರೀ ಜಗ್ತೈತೆ. ಆಗ್ಲೇ ನಾಲ್ಕು ಬೆರಳು ಉದ್ದ ಆಗೈತೆ. ನಿನ್ನ ಆಯಸ್ಸೇ ಬೆಳೀತು ಅಂದ್ಕೋ. ಹೋಗು, ಹಿತ್ತಲಾಗೈತೆ, ನೋಡ್ಕಂಡು ಬಾ."

ಹಿತ್ತಲಿಗೆ ಹೋದೆ. ಕರು ಗೂಟದ ಪಕ್ಕ ಆರಾಮಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಹಗ್ಗ ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. ಆ ಸೋಮಾರಿಯ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಅತ್ತಿತ್ತ ನೋಡಿದೆ, ಯಾರೂ ಇರಲಿಲ್ಲ. ಒಂದು ಹಿಡಿ ಹಸಿಹುಲ್ಲು ಕಿತ್ತು, ಕರುವಿನ ಮೂತಿಗೆ ತೋರಿಸಿ, "ಬಾ, ಬಾ" ಎನ್ನುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದೆ.