ಕೊಸರು ಹಾಕಿದ ಉಪವಾಸ

ಬೆಳಿಗ್ಗೆ ಬೀಜಾಡಿಯ ಅತ್ತೆ ಕೊಟ್ಟ ಬಂಗುಡೆ ಪೊಟ್ಟಣ ಬಿಚ್ಚಿದೆ. ಹೇಳಿದ್ದು ಹತ್ತು, ಇದ್ದದ್ದು ಹನ್ನೊಂದು. ಅಪ್ಪನ ಈ ತಂಗಿ ಮದುವೆಯಾದಂದಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವವಳು. ಒಂದು ಕೊಸರು ಹಾಕದೆ ಯಾರನ್ನೂ ಕಳಿಸಿದವಳಲ್ಲ. ಆ ಕೊಸರೇ ಒಮ್ಮೆ ಅವಳನ್ನು ಆಪರೇಷನ್ ಮೇಜಿನ ಹತ್ತಿರ ಒಯ್ದಿತ್ತು ಎಂದರೆ ನೀವು ನಗುತ್ತೀರಿ. ನಗಿ, ಈಗ ನಾನೂ ನಗುತ್ತೇನೆ.

ಎರಡು ವರ್ಷದ ಹಿಂದೆ ಅವಳಿಗೆ ಹೊಟ್ಟೆಯ ಬಲಬದಿಯಲ್ಲಿ ನೋವು ಶುರುವಾಯಿತು. ದೊಡ್ಡಾಸ್ಪತ್ರೆಯಲ್ಲಿ ಒಂದು ಸ್ಕ್ಯಾನ್ ಬರೆದುಕೊಟ್ಟರು. ನರಕ್ಕೆ ಚೂರು ವಿಕಿರಣದ ಮದ್ದು ಚುಚ್ಚುತ್ತಾರೆ. ಅದು ಪಿತ್ತದ ಜೊತೆ ಹರಿದು ಪಿತ್ತಕೋಶ ಸೇರುವುದು ಪರದೆಯ ಮೇಲೆ ಕಾಣಬೇಕು. ಆರು ಗಂಟೆ ಏನೂ ತಿನ್ನಬಾರದು ಎಂದಿದ್ದರು. ಕರೆದುಕೊಂಡು ಹೋದವನು ನಾನು, ನಾಲ್ಕಕ್ಷರ ಕಲಿತವನೆಂಬ ಜಂಬ ಬೇರೆ. ಫಾರಂನಲ್ಲಿ ‘ಖಾಲಿ ಹೊಟ್ಟೆ’ ಎಂಬಲ್ಲಿ ಅವಳನ್ನು ಒಂದು ಮಾತೂ ಕೇಳದೆ ‘ಹೌದು’ ಎಂದು ಗೀಚಿದೆ.

ಪಿತ್ತಕೋಶ ಕಾಣಲೇ ಇಲ್ಲ. ದಾರಿ ಕಟ್ಟಿದಂತಿದೆ, ತೆಗೆಯಬೇಕಾದೀತು ಎಂದರು ಡಾಕ್ಟರು.

“ಮತ್ತೆ ಬುಟ್ಟಿ ಹೊರುಕ್ ಆತ್ತಾ?” ಅತ್ತೆ ಕೇಳಿದ್ದು ಅಷ್ಟೇ.

ಕೆಲವು ತಿಂಗಳು ಭಾರ ಎತ್ತುವಂತಿಲ್ಲ ಎಂದಾಗ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಸ್ಕ್ಯಾನ್ ಮಾಡಿದ್ದ ಬೈಂದೂರಿನ ಹುಡುಗಿ ಅತ್ತೆಯ ಕೈಯಿಂದ ಸೂಜಿ ತೆಗೆಯುತ್ತ ಊರ ಮಾತಿನಲ್ಲೇ ವಿಚಾರಿಸಿದಳು.

“ಅಮ್ಮಾ, ನೀವ್ ಕಡೆಗೆ ಉಂಡದ್ ಯಾವತ್ತ್?”

“ಮೊನ್ನೆ ರಾತ್ರಿ. ನೀವ್ ಹೇಳದ್ ಆರ್ ಗಂಟೆ. ನಾನ್ ಒಂದ್ ದಿನ ಕೊಸರ್ ಹಾಕ್ದೆ.”

ಹುಡುಗಿ ಸೀದಾ ಡಾಕ್ಟರ ಹತ್ತಿರ ಓಡಿದಳು. ಅಷ್ಟು ಹೊತ್ತು ಉಣ್ಣದಿದ್ದರೆ ಪಿತ್ತಕೋಶ ಮೊದಲೇ ತುಂಬಿ ಬಿಗಿದಿರುತ್ತದಂತೆ. ಮದ್ದಿಗೆ ಒಳಗೆ ಜಾಗವಿರುವುದಿಲ್ಲ, ಸರಿಯಿದ್ದದ್ದೂ ಕೆಟ್ಟಂತೆ ಕಾಣುತ್ತದೆ. ವಾರ ಕಳೆದು, ಹೊಟ್ಟೆ ತುಂಬ ಉಣಿಸಿ, ಆರೇ ಗಂಟೆ ಬಿಟ್ಟು ಮತ್ತೆ ಮಲಗಿಸಿದರು. ಪರದೆಯಲ್ಲಿ ಪಿತ್ತಕೋಶದ ಜಾಗದಲ್ಲಿ ಹುಣಸೆಬೀಜದಷ್ಟು ಬೆಳಕು ಮೂಡಿತು. ನೋವು ಹೊಟ್ಟೆಹುಣ್ಣಿನದಂತೆ, ಮಾತ್ರೆಗೇ ಇಳಿಯಿತು. ಆ ಹುಡುಗಿಯ ಹೆಸರು ಕೇಳುವ ಬುದ್ಧಿಯೂ ನನಗಿರಲಿಲ್ಲ. ನಾನು ಕೇಳಬೇಕಾಗಿದ್ದ ಮಾತನ್ನು ಅವಳು ಕೇಳಿದ್ದಕ್ಕೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ನಾಳೆ ನನ್ನದೇ ರಕ್ತಪರೀಕ್ಷೆ. ಅದು ಗೊತ್ತಿದ್ದ ಅತ್ತೆ ಇವತ್ತು ಬೆಳಿಗ್ಗೆ ಮೀನು ಕೊಟ್ಟವಳೇ ಅಂಗಳದಲ್ಲಿ ನಿಂತು ಕೇಳಿದಳು, “ಎಷ್ಟ್ ಗಂಟೆ ಉಣ್ಬೇಡ ಹೇಳಿರ್ ಮಗಾ?”

“ಎಂಟು, ಅತ್ತೆ.”

“ಎಂಟ್ ಅಂದ್ರೆ ಎಂಟೇ. ಕೊಸರ್ ಹಾಕುಕಾಗ.”

ಇನ್ನೂ ಅರ್ಧ ತುಂಬಿದ್ದ ಬುಟ್ಟಿಯನ್ನು ತಾನೇ ಎತ್ತಿ ತಲೆಗೇರಿಸಿಕೊಂಡು ಅವಳು ಗೇಟು ದಾಟಿದಳು.